ವೈರಿಯ ಸಂಗಡ ಸಮಾಧಾನ ಮಾಡಿಕೊಂಡ ಮಂತ್ರಿ: ಗುಸ್ಟಾಫ್ ಸ್ಟ್ರೇಸೆಮನ್ನನ ಚರಿತ್ರೆ

ಯುದ್ಧದಲ್ಲಿ ಜಯಿಸಿದವರ ಚರಿತ್ರೆಗಳು ಲೋಕದಲ್ಲಿ ಬಹಳವಾಗಿ ಬರೆಯಲ್ಪಟ್ಟಿವೆ. ಅವರ ಪ್ರತಿಮೆಗಳು ದೊಡ್ಡ ಪಟ್ಟಣಗಳ ಬೀದಿಗಳಲ್ಲಿ ನಿಂತಿವೆ. ಆದರೆ ಯುದ್ಧವು ಮುಗಿದ ಮೇಲೆ ಸೋತವರ ಕೋಪವನ್ನೂ ಗೆದ್ದವರ ಭಯವನ್ನೂ ಶಮನಮಾಡಿ, ಇಬ್ಬರನ್ನೂ ಒಂದೇ ಮೇಜಿನ ಸುತ್ತಲೂ ಕುಳ್ಳಿರಿಸಿದವರ ಹೆಸರು ಅನೇಕರಿಗೆ ತಿಳಿಯದು. ನಮ್ಮ ಕರ್ತನು ಬೆಟ್ಟದ ಮೇಲೆ ಉಪದೇಶ ಮಾಡಿದಾಗ ಸಮಾಧಾನಪಡಿಸುವವರನ್ನು ಧನ್ಯರ ಸಾಲಿನಲ್ಲಿ ಎಣಿಸಿದನೆಂಬದು ನಮ್ಮ ಭಾನುವಾರದ ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಆ ಕೆಲಸವು ಎಷ್ಟು ಕಠಿಣವಾದದ್ದು, ಅದನ್ನು ಕೈಕೊಂಡವನು ಎಷ್ಟು ನಿಂದೆಯನ್ನು ಸಹಿಸಬೇಕಾಗುತ್ತದೆ ಎಂಬದನ್ನು ತಿಳಿಯುವದಕ್ಕೆ ಜರ್ಮನ್ ದೇಶದ ಒಬ್ಬ ಮಂತ್ರಿಯ ಚರಿತ್ರೆಯನ್ನು ಈ ಸಾರಿ ನಿಮ್ಮ ಮುಂದೆ ಇಡುತ್ತೇವೆ. ಇವನನ್ನು ಪರಿಶುದ್ಧನೆಂದು ತೋರಿಸುವದು ನಮ್ಮ ಉದ್ದೇಶವಲ್ಲ. ಮೊದಲು ಯುದ್ಧವನ್ನೇ ಹೊಗಳುತ್ತಿದ್ದ ಮನುಷ್ಯನು ಕೊನೆಗೆ ತನ್ನ ಪ್ರಾಣವನ್ನು ಸಮಾಧಾನದ ಕೆಲಸದಲ್ಲಿ ಹೇಗೆ ಸವೆಯಿಸಿದನೆಂಬದೇ ಇಲ್ಲಿ ನೋಡತಕ್ಕ ಸಂಗತಿ.

ಬಾಲ್ಯವೂ ವಿದ್ಯಾಭ್ಯಾಸವೂ

ಗುಸ್ಟಾಫ್ ಸ್ಟ್ರೇಸೆಮನ್ನನು ೧೮೭೮ನೆಯ ಇಸವಿ ಮೇ ತಿಂಗಳ ೧೦ನೆಯ ತಾರೀಖಿನಲ್ಲಿ ಬರ್ಲಿನ್ ಪಟ್ಟಣದ ಒಂದು ಪ್ರೊಟೆಸ್ಟಂಟ್ ಕುಟುಂಬದಲ್ಲಿ ಹುಟ್ಟಿದನು. ಇವನ ತಂದೆಯು ಬೀರ್ ಎಂಬ ಪಾನೀಯವನ್ನು ಸೀಸೆಗಳಲ್ಲಿ ತುಂಬಿಸಿ ಅಂಗಡಿಗಳಿಗೆ ಕೊಡುವ ಚಿಕ್ಕ ವ್ಯಾಪಾರಿ. ಈ ವ್ಯಾಪಾರವು ನಮ್ಮ ಸಭೆಗಳವರಿಗೆ ಮೆಚ್ಚಿಗೆಯಾದದ್ದಲ್ಲವಾದರೂ ಆ ದೇಶದಲ್ಲಿ ಸಾಧಾರಣವಾದದ್ದೇ. ಮನೆಯಲ್ಲಿ ಅನೇಕ ಮಕ್ಕಳು. ಅವರಲ್ಲಿ ಗುಸ್ಟಾಫನೇ ಕಿರಿಯನು. ಒಡಹುಟ್ಟಿದವರಲ್ಲಿ ಇವನೊಬ್ಬನಿಗೆ ಮಾತ್ರ ದೊಡ್ಡ ಶಾಲೆಯಲ್ಲಿ ಓದುವ ಅವಕಾಶ ದೊರೆಯಿತು. ಚರಿತ್ರೆಯ ಪುಸ್ತಕಗಳಲ್ಲಿಯೂ ತನ್ನ ದೇಶದ ಮಹಾಕವಿಯಾದ ಗಯಟೆಯ ಗ್ರಂಥಗಳಲ್ಲಿಯೂ ಇವನಿಗೆ ಬಹಳ ಪ್ರೀತಿ ಇತ್ತು.

ಬರ್ಲಿನ್ ಮತ್ತು ಲೈಪ್ಸಿಗ್ ವಿಶ್ವವಿದ್ಯಾಲಯಗಳಲ್ಲಿ ಓದಿ, ಡಾಕ್ಟರ್ ಪದವಿಗೋಸ್ಕರ ಇವನು ಬರೆದ ಪ್ರಬಂಧವು ತನ್ನ ತಂದೆಯ ವ್ಯಾಪಾರವನ್ನೇ ಕುರಿತದ್ದು. ದೊಡ್ಡ ಬಂಡವಾಳದವರು ಬಂದು ಚಿಕ್ಕ ವ್ಯಾಪಾರಿಗಳನ್ನು ಹೇಗೆ ನೂಕಿಬಿಡುತ್ತಾರೆಂಬದನ್ನು ಇವನು ತನ್ನ ಮನೆಯಲ್ಲಿಯೇ ನೋಡಿದ್ದನು. ೧೯೦೧ರಲ್ಲಿ ಡ್ರೆಸ್ಡೆನ್ ಪಟ್ಟಣದಲ್ಲಿ ಚಾಕೊಲೇಟ್ ಮಿಠಾಯಿಯ ಕಾರ್ಖಾನೆಗಳ ಯಜಮಾನರ ಸಂಘದಲ್ಲಿ ಕೆಲಸಕ್ಕೆ ಸೇರಿದನು. ಅಲ್ಲಿ ಹಟಮಾರಿಗಳಾದ ವ್ಯಾಪಾರಿಗಳನ್ನು ಒಂದು ಒಪ್ಪಂದಕ್ಕೆ ತರುವ ಕಲೆಯನ್ನು ಕಲಿತನು. ೧೯೦೩ರಲ್ಲಿ ಕೇಟೆ ಎಂಬ ಕನ್ಯೆಯನ್ನು ಮದುವೆಯಾದನು. ಆಕೆಯ ವಂಶವು ಯೆಹೂದ್ಯರದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಆ ಕುಟುಂಬಕ್ಕೆ ಏನು ಸಂಭವಿಸಿತೆಂಬದನ್ನು ಹೇಳಲಿದ್ದೇವೆ. ೧೯೦೭ರಲ್ಲಿ, ಇನ್ನೂ ೨೮ ವರುಷ ವಯಸ್ಸಿನವನಾಗಿರುವಾಗಲೇ, ಇವನು ದೇಶದ ಶಾಸನಸಭೆಗೆ ಆರಿಸಲ್ಪಟ್ಟನು. ಆ ಸಭೆಯಲ್ಲಿ ಇವನಷ್ಟು ಚಿಕ್ಕ ವಯಸ್ಸಿನವರು ಬೇರೆ ಯಾರೂ ಇರಲಿಲ್ಲ.

ಯುದ್ಧಕಾಲದ ಹೆಮ್ಮೆ

೧೯೧೪ರಲ್ಲಿ ಮೊದಲನೆಯ ಮಹಾಯುದ್ಧವು ಹುಟ್ಟಿತು. ಸ್ಟ್ರೇಸೆಮನ್ನನ ದೇಹಸ್ಥಿತಿಯು ಬಲಹೀನವಾಗಿದ್ದದರಿಂದ ಸೈನ್ಯಕ್ಕೆ ಅವನನ್ನು ತೆಗೆದುಕೊಳ್ಳಲಿಲ್ಲ. ಆದರೆ ಬಾಯಿಮಾತಿನಲ್ಲಿ ಅವನಷ್ಟು ಯುದ್ಧಪ್ರಿಯರು ಕೆಲವರೇ ಇದ್ದರು. ಬೆಲ್ಜಿಯಂ ದೇಶವನ್ನು ಜರ್ಮನಿಯ ಕೈಕೆಳಗೆ ಇಡಬೇಕು, ನೆರೆಯವರ ಭೂಮಿಯನ್ನು ಕಿತ್ತುಕೊಳ್ಳಬೇಕು, ನೀರಿನೊಳಗೆ ಸಂಚರಿಸುವ ಹಡಗುಗಳಿಂದ ಸಮುದ್ರದ ಮೇಲಿನ ಹಡಗುಗಳನ್ನೆಲ್ಲಾ ಮುಳುಗಿಸಬೇಕು ಎಂದು ಶಾಸನಸಭೆಯಲ್ಲಿ ವಾದಿಸಿದನು. ಸೇನಾಧಿಪತಿಗಳ ಮಾತನ್ನು ಪರೀಕ್ಷಿಸದೆ ನಂಬಿದನು. ೧೯೧೭ರಲ್ಲಿ ತನ್ನ ಪಕ್ಷಕ್ಕೆ ಮುಖಂಡನಾದನು. ೧೯೧೮ರ ಶರತ್ಕಾಲದಲ್ಲಿ ಅದೇ ಸೇನಾಧಿಪತಿಗಳು ಯುದ್ಧವು ಸೋತುಹೋಯಿತೆಂದು ಒಪ್ಪಿಕೊಂಡಾಗ, ಅವನ ಕಾಲಕೆಳಗಿನ ನೆಲವೇ ಕುಸಿದಂತಾಯಿತು.

ಆ ಯುದ್ಧದಲ್ಲಿ ಜರ್ಮನರ ಕಡೆ ಸುಮಾರು ೨೦ ಲಕ್ಷ ಸಿಪಾಯಿಗಳೂ ಫ್ರೆಂಚರ ಕಡೆ ೧೩ ಲಕ್ಷಕ್ಕಿಂತ ಹೆಚ್ಚು ಸಿಪಾಯಿಗಳೂ ಸತ್ತರು. ಅದರ ನೋವು ನಮ್ಮ ಕನ್ನಡ ನಾಡಿನ ಸಭೆಗಳಿಗೂ ತಗಲಿತು. ೧೮೩೪ರಲ್ಲಿ ಮಂಗಳೂರಿನಲ್ಲಿ ಪ್ರಾರಂಭವಾಗಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಉಡುಪಿ ಮುಂತಾದ ಸ್ಥಳಗಳಿಗೆ ಹಬ್ಬಿದ ಬಾಸೆಲ್ ಮಿಶನ್ನಿನಲ್ಲಿ ಜರ್ಮನ್ ಬೋಧಕರು ಅನೇಕರಿದ್ದರು. ಯುದ್ಧವು ಹುಟ್ಟಿದೊಡನೆ ಅವರು ಸರಕಾರಕ್ಕೆ ವೈರಿದೇಶದವರಾದರು. ಕೆಲವರು ಅಹಮದ್‌ನಗರದಲ್ಲಿ ಕಾವಲಿನಲ್ಲಿಡಲ್ಪಟ್ಟರು. ಆ ಮೇಲೆ ಊರಿಗೆ ಕಳುಹಿಸಲ್ಪಟ್ಟರು. ನಮ್ಮವರಿಗೆ ಅನ್ನ ಕೊಡುತ್ತಿದ್ದ ಹೆಂಚಿನ ಕಾರ್ಖಾನೆಗಳೂ ನೇಯ್ಗೆಯ ಕಾರ್ಖಾನೆಗಳೂ ಮಿಶನ್ನಿನ ಕೈತಪ್ಪಿ ಹೋದವು. ಯುದ್ಧವು ಮುಗಿದ ಮೇಲೂ ಎಷ್ಟೋ ವರುಷ ಜರ್ಮನ್ ಬೋಧಕರು ಹಿಂದೂದೇಶಕ್ಕೆ ಬರಲು ಅಪ್ಪಣೆ ಇರಲಿಲ್ಲ. ದೂರದಲ್ಲಿ ಅರಸುಗಳು ಕಾದಾಡಿದರೆ ನಮಗೇನು ಎಂದು ಹೇಳುವವರು ಈ ಸಂಗತಿಯನ್ನು ಜ್ಞಾಪಕಕ್ಕೆ ತಂದುಕೊಳ್ಳಲಿ.

ಸೋಲೂ ಸಾಲವೂ

೧೯೧೯ನೆಯ ಇಸವಿ ಜೂನ್ ೨೮ರಲ್ಲಿ ವರ್ಸೇಲ್ಸ್ ಎಂಬ ಸ್ಥಳದಲ್ಲಿ ಸಂಧಿಪತ್ರಕ್ಕೆ ರುಜುವಾಯಿತು. ಜರ್ಮನರು ಅಲ್ಲಿಗೆ ಮಾತಾಡುವದಕ್ಕಾಗಿ ಕರೆಯಲ್ಪಟ್ಟವರಲ್ಲ, ಬರೆದಿಟ್ಟದ್ದಕ್ಕೆ ರುಜು ಹಾಕುವದಕ್ಕಾಗಿ ಕರೆಯಲ್ಪಟ್ಟವರು. ಆಲ್ಸೇಸ್ ಮತ್ತು ಲೊರೇನ್ ಎಂಬ ಸೀಮೆಗಳು ತಿರಿಗಿ ಫ್ರಾನ್ಸಿಗೆ ಸೇರಿದವು. ಪೂರ್ವದಿಕ್ಕಿನಲ್ಲಿ ಬಹಳ ಭೂಮಿ ಪೋಲೆಂಡಿಗೆ ಹೋಯಿತು. ಜರ್ಮನ್ ಸೈನ್ಯವು ಒಂದು ಲಕ್ಷಕ್ಕೆ ಮಿತಿಮಾಡಲ್ಪಟ್ಟಿತು. ರೈನ್ ನದಿಯ ಪಶ್ಚಿಮ ತೀರದಲ್ಲಿ ಗೆದ್ದವರ ದಂಡು ಬೀಡುಬಿಟ್ಟಿತು. ಯುದ್ಧದ ನಷ್ಟಕ್ಕಾಗಿ ಕೊಡತಕ್ಕ ದಂಡವು ೧೯೨೧ರಲ್ಲಿ ೧೩,೨೦೦ ಕೋಟಿ ಚಿನ್ನದ ಮಾರ್ಕುಗಳೆಂದು ಗೊತ್ತುಮಾಡಲ್ಪಟ್ಟಿತು.

ಫ್ರೆಂಚರಿಗೆ ಇಷ್ಟು ಕಠಿಣತೆ ಯಾಕೆ ಎಂದು ಕೆಲವರು ಕೇಳಬಹುದು. ೧೮೭೦ರಲ್ಲಿ ಒಮ್ಮೆ, ೧೯೧೪ರಲ್ಲಿ ಇನ್ನೊಮ್ಮೆ, ಜರ್ಮನ್ ದಂಡು ಅವರ ದೇಶದೊಳಗೆ ನುಗ್ಗಿ ಹಳ್ಳಿಗಳನ್ನೂ ಹೊಲಗಳನ್ನೂ ಹಾಳುಮಾಡಿತ್ತು. ಮೂರನೆಯ ಸಾರಿ ಬಂದೀತೆಂಬ ಭಯವು ಅವರ ನಿದ್ರೆಯನ್ನು ಕೆಡಿಸುತ್ತಿತ್ತು. ಜರ್ಮನರಾದರೋ ತಮಗೆ ಅವಮಾನವಾಯಿತೆಂದು ಹಲ್ಲುಕಡಿಯುತ್ತಿದ್ದರು. ಒಬ್ಬರ ಭಯವು ಮತ್ತೊಬ್ಬರ ಕೋಪವನ್ನು ಬೆಳೆಸಿತು. ಆ ಕೋಪವು ತಿರಿಗಿ ಭಯವನ್ನು ಬೆಳೆಸಿತು. ಸಮಾಧಾನದ ಮಾತಾಡಿದ ಜರ್ಮನ್ ಮುಖಂಡರಿಗೆ ಅವರ ಸ್ವಂತ ಜನರಿಂದಲೇ ಮರಣವುಂಟಾಯಿತು. ಯುದ್ಧವನ್ನು ನಿಲ್ಲಿಸುವ ಪತ್ರಕ್ಕೆ ರುಜು ಹಾಕಿದ ಎರ್ಟ್ಸ್‌ಬರ್ಗರನು ೧೯೨೧ರಲ್ಲಿಯೂ, ಪರರಾಷ್ಟ್ರ ಮಂತ್ರಿಯಾದ ರಾತೆನೌ ೧೯೨೨ರಲ್ಲಿಯೂ ಗುಂಡಿನೇಟಿನಿಂದ ಕೊಲ್ಲಲ್ಪಟ್ಟರು. ಮುಂದೆ ಆ ಪದವಿಯಲ್ಲಿ ಕುಳಿತುಕೊಳ್ಳುವವನಿಗೆ ಏನಾಗಬಹುದೆಂಬದು ಎಲ್ಲರಿಗೂ ತಿಳಿದೇ ಇತ್ತು.

ಸ್ಟ್ರೇಸೆಮನ್ನನು ಮೊದಲು ಈ ಸಂಧಿಯನ್ನು ವಿರೋಧಿಸಿದವನೇ. ಆದರೆ ವರುಷಗಳು ಕಳೆಯುತ್ತಾ ಒಂದು ಸಂಗತಿಯು ಅವನಿಗೆ ಸ್ಪಷ್ಟವಾಗುತ್ತಾ ಬಂತು. ಆಯುಧವಿಲ್ಲದವನು ಬೈಗುಳದಿಂದ ಏನನ್ನೂ ಗಳಿಸಲಾರನು. ಫ್ರೆಂಚರ ಭಯವನ್ನು ತೆಗೆಯದ ಹೊರತು ಜರ್ಮನರ ಭಾರವು ಇಳಿಯದು. ಹೀಗೆ ವೈರಿಯ ಭಯವನ್ನು ವೈರಿಯ ಕಣ್ಣಿನಿಂದಲೇ ನೋಡುವದನ್ನು ಅವನು ಕಲಿತನು. ಇದೇ ಅವನ ಮನಸ್ಸು ತಿರುಗಿದ ಬಗೆ. ಇದು ಒಂದು ದಿನದಲ್ಲಿ ಆದದ್ದಲ್ಲ. ದೇಶದ ಬಡತನವೂ ಜನರ ಕಣ್ಣೀರೂ ಅವನಿಗೆ ಪಾಠ ಹೇಳಿದವು.

ನೂರು ದಿನಗಳ ಅಧಿಕಾರ

ಜರ್ಮನಿಯು ಕೊಡತಕ್ಕ ಮರವನ್ನೂ ಕಲ್ಲಿದ್ದಲನ್ನೂ ಸರಿಯಾಗಿ ಕೊಡಲಿಲ್ಲವೆಂದು ೧೯೨೩ರ ಜನವರಿಯಲ್ಲಿ ಫ್ರೆಂಚರೂ ಬೆಲ್ಜಿಯನರೂ ರೂರ್ ಎಂಬ ಪ್ರಾಂತದೊಳಗೆ ದಂಡನ್ನು ಕಳುಹಿಸಿದರು. ದೇಶದ ಕಲ್ಲಿದ್ದಲೂ ಕಬ್ಬಿಣವೂ ಆಗ ಹೆಚ್ಚಾಗಿ ಅಲ್ಲಿಯೇ ಸಿಕ್ಕುತ್ತಿದ್ದವು. ಸಾಲಗಾರನ ಎತ್ತುಗಳನ್ನು ಸಾಹುಕಾರನು ಜಪ್ತಿಮಾಡಿದ ಹಾಗೆ ಆಯಿತು. ಎತ್ತುಗಳು ಹೋದ ಮೇಲೆ ಉಳುವದೆಲ್ಲಿ, ಸಾಲ ತೀರಿಸುವದೆಲ್ಲಿ? ಜರ್ಮನ್ ಸರಕಾರದವರು ಆ ಪ್ರಾಂತದ ಕೆಲಸಗಾರರಿಗೆ ಕೆಲಸ ಬಿಟ್ಟು ಸುಮ್ಮನೆ ಕೂತುಕೊಳ್ಳಿರೆಂದು ಆಜ್ಞಾಪಿಸಿ, ಕೂತವರಿಗೆ ಸಂಬಳ ಕೊಡಲು ನೋಟುಗಳನ್ನು ಅಚ್ಚುಹಾಕುತ್ತಾ ಹೋದರು. ಅಚ್ಚುಹಾಕಿದಷ್ಟೂ ನೋಟಿನ ಬೆಲೆ ಇಳಿಯಿತು. ಯುದ್ಧಕ್ಕೆ ಮೊದಲು ಅಮೇರಿಕದ ಒಂದು ಡಾಲರಿಗೆ ೪ ಮಾರ್ಕಿಗಿಂತ ಸ್ವಲ್ಪ ಹೆಚ್ಚು ಸಲ್ಲುತ್ತಿದ್ದರೆ, ೧೯೨೩ರ ನವೆಂಬರಿನಲ್ಲಿ ಅದೇ ಡಾಲರಿಗೆ ೪ ಲಕ್ಷ ೨೦ ಸಾವಿರ ಕೋಟಿ ಮಾರ್ಕು ಸಲ್ಲಬೇಕಾಯಿತು. ಒಂದು ರೊಟ್ಟಿಗೆ ಸಾವಿರಾರು ಕೋಟಿ ಮಾರ್ಕು! ಮುಪ್ಪಿನ ಕಾಲಕ್ಕೆಂದು ಹಣ ಕೂಡಿಸಿಟ್ಟಿದ್ದ ವಿಧವೆಯರೂ ಮುದುಕರೂ ಒಂದೇ ವರುಷದೊಳಗೆ ಬಿಕಾರಿಗಳಾದರು.

ಇಂಥ ಸಮಯದಲ್ಲಿ, ಆಗಸ್ಟ್ ೧೩ರಲ್ಲಿ, ಸ್ಟ್ರೇಸೆಮನ್ನನು ದೇಶದ ಪ್ರಧಾನ ಮಂತ್ರಿಯಾದನು. ಆರು ವಾರಗಳಾದ ಮೇಲೆ, ಸೆಪ್ಟೆಂಬರ್ ೨೬ರಲ್ಲಿ, ರೂರ್ ಪ್ರಾಂತದ ಅಸಹಕಾರವನ್ನು ನಿಲ್ಲಿಸಿಬಿಟ್ಟನು. ಇದು ಸೋಲನ್ನು ಬಹಿರಂಗವಾಗಿ ಒಪ್ಪಿಕೊಂಡ ಹಾಗೆಯೇ ಸರಿ. ಹಿಂದೆ ಅವನ ಭಾಷಣಗಳಿಗೆ ಕೈತಟ್ಟಿದವರು ಈಗ ಅವನನ್ನು ದೇಶದ್ರೋಹಿಯೆಂದು ಕರೆದರು. ಆದರೆ ಬೇರೆ ಮಾರ್ಗವಿರಲಿಲ್ಲ. ನವೆಂಬರ್ ೧೫ರಲ್ಲಿ ಹೊಸ ನೋಟು ಹೊರಟಿತು. ಹಳೆಯ ಲಕ್ಷ ಕೋಟಿ ಮಾರ್ಕಿಗೆ ಹೊಸದು ಒಂದು. ಹೊಸ ನೋಟುಗಳನ್ನು ಮಿತಿಮೀರಿ ಅಚ್ಚುಹಾಕಲಿಲ್ಲವಾದ್ದರಿಂದ ಜನರಿಗೆ ಅದರಲ್ಲಿ ನಂಬಿಕೆ ಹುಟ್ಟಿತು. ಅದೇ ತಿಂಗಳಲ್ಲಿ ಮ್ಯೂನಿಕ್ ಪಟ್ಟಣದಲ್ಲಿ ಹಿಟ್ಲರನೆಂಬವನು ದಂಗೆಯೆಬ್ಬಿಸಿದನು; ಅದು ಮುರಿಯಲ್ಪಟ್ಟಿತು. ಇಷ್ಟೆಲ್ಲಾ ಮಾಡಿದ ಮಂತ್ರಿಯನ್ನು ಶಾಸನಸಭೆಯವರು ನವೆಂಬರ್ ೨೩ರಲ್ಲಿ ತಮ್ಮ ಓಟಿನಿಂದ ಕೆಳಗಿಳಿಸಿದರು. ಸುಮಾರು ನೂರು ದಿನಗಳ ಅಧಿಕಾರ ಅಷ್ಟೇ. ಅವನು ಮುನಿಸಿಕೊಂಡು ಮನೆಯಲ್ಲಿ ಕೂಡಲಿಲ್ಲ. ಮುಂದಿನ ಮಂತ್ರಿಮಂಡಲದಲ್ಲಿ ಪರರಾಷ್ಟ್ರ ಮಂತ್ರಿಯ ಕೆಲಸವನ್ನು ಒಪ್ಪಿಕೊಂಡನು. ಎಷ್ಟೋ ಮಂತ್ರಿಮಂಡಲಗಳು ಬದಲಾದರೂ ಸಾಯುವ ವರೆಗೆ ಆ ಕೆಲಸವು ಅವನ ಕೈಯಲ್ಲಿಯೇ ಉಳಿಯಿತು.

ತೀರಿಸಬಹುದಾದ ಸಾಲ

ಮೊದಲು ಸಾಲದ ವಿಷಯವನ್ನು ಸರಿಪಡಿಸಬೇಕಾಗಿತ್ತು. ೧೯೨೪ರಲ್ಲಿ ಅಮೇರಿಕದ ಡಾಸ್ ಎಂಬವನ ಮುಖಂಡತ್ವದಲ್ಲಿ ಲೆಕ್ಕ ಬಲ್ಲವರ ಒಂದು ಮಂಡಲಿಯು ಕೂಡಿ ಹೊಸ ಏರ್ಪಾಡನ್ನು ಮಾಡಿತು. ಮೊದಲನೆಯ ವರುಷದ ವಾಯಿದೆ ೧೦೦ ಕೋಟಿ ಮಾರ್ಕು. ಐದನೆಯ ವರುಷಕ್ಕೆ ಅದು ೨೫೦ ಕೋಟಿಗೆ ಏರತಕ್ಕದ್ದು. ಅಷ್ಟರಲ್ಲಿ ದೇಶವು ಚೇತರಿಸಿಕೊಳ್ಳುವಂತೆ ೮೦ ಕೋಟಿ ಮಾರ್ಕಿನ ಸಾಲವನ್ನು ಹೊರದೇಶದವರು ಕೊಡತಕ್ಕದ್ದು. ಸಾಲಗಾರನ ಹೊಲಕ್ಕೆ ಮಳೆ ಬೀಳುವ ವರೆಗೆ ತಾಳಿಕೊಂಡು, ಬೀಜಕ್ಕೂ ಸ್ವಲ್ಪ ಕೊಟ್ಟು, ಬೆಳೆ ಬಂದ ಮೇಲೆ ಕಂತಿನಿಂದ ವಸೂಲುಮಾಡುವ ವಿವೇಕವುಳ್ಳ ಸಾಹುಕಾರನ ರೀತಿ ಇದು. ಬರ್ಲಿನಿನ ಶಾಸನಸಭೆಯಲ್ಲಿ ಇದನ್ನು ಒಪ್ಪಿಸುವದು ಸುಲಭವಾಗಿರಲಿಲ್ಲ. ಮೂರರಲ್ಲಿ ಎರಡು ಪಾಲು ಓಟುಗಳು ಬೇಕಾಗಿದ್ದವು. ಸ್ಟ್ರೇಸೆಮನ್ನನು ಹಗಲಿರುಳು ದುಡಿದದ್ದರಿಂದ ವಿರೋಧಪಕ್ಷದವರಲ್ಲಿಯೇ ಸುಮಾರು ಅರ್ಧ ಜನರು ಇತ್ತ ಕಡೆಗೆ ಬಂದರು. ಮುಂದಿನ ವರುಷದ ಆಗಸ್ಟ್ ತಿಂಗಳೊಳಗೆ ಫ್ರೆಂಚ್ ದಂಡು ರೂರ್ ಪ್ರಾಂತವನ್ನು ಬಿಟ್ಟು ಹೋಯಿತು. ಒಂದು ಗುಂಡೂ ಹಾರಿಸದೆ ಈ ಬಿಡುಗಡೆ ದೊರಕಿತು.

ಲೊಕಾರ್ನೊವಿನ ಒಡಂಬಡಿಕೆ

ಸಾಲದ ವಿಷಯ ಒಂದು ಹದಕ್ಕೆ ಬಂದ ಮೇಲೆ ಗಡಿಯ ವಿಷಯ ಉಳಿಯಿತು. ನಮ್ಮ ಹಳ್ಳಿಗಳಲ್ಲಿ ಬಾಂದುಕಲ್ಲಿನ ವ್ಯಾಜ್ಯವು ಅಜ್ಜನಿಂದ ಮೊಮ್ಮಗನ ವರೆಗೆ ನಡೆಯುವದನ್ನು ನೋಡಿದ್ದೇವೆ. ಜರ್ಮನರ ಮತ್ತು ಫ್ರೆಂಚರ ನಡುವಣ ಬಾಂದುಕಲ್ಲು ೧೮೭೧ರಲ್ಲಿ ಒಂದು ಕಡೆಗೆ, ೧೯೧೯ರಲ್ಲಿ ಇನ್ನೊಂದು ಕಡೆಗೆ ಸರಿದಿತ್ತು. ಪ್ರತಿಸಾರಿ ರಕ್ತವು ಹರಿದಿತ್ತು. ೧೯೨೫ರ ಆರಂಭದಲ್ಲಿ ಸ್ಟ್ರೇಸೆಮನ್ನನು ಮೊದಲು ಇಂಗ್ಲಿಷರಿಗೂ ಆ ಮೇಲೆ ಫ್ರೆಂಚರಿಗೂ ಒಂದು ಪತ್ರವನ್ನು ಕಳುಹಿಸಿದನು. ಈಗಿರುವ ಪಶ್ಚಿಮದ ಗಡಿಯನ್ನು ಜರ್ಮನಿಯು ತನ್ನ ಸ್ವಂತ ಇಷ್ಟದಿಂದಲೇ ಒಪ್ಪಿಕೊಳ್ಳಲು ಸಿದ್ಧವಾಗಿದೆ, ಇದಕ್ಕೆ ಬೇರೆ ರಾಜ್ಯಗಳು ಜಾಮೀನು ನಿಲ್ಲಲಿ ಎಂಬದೇ ಅದರ ತಾತ್ಪರ್ಯ. ಇದರ ಅರ್ಥವೇನು? ಆಲ್ಸೇಸ್ ಮತ್ತು ಲೊರೇನ್ ಸೀಮೆಗಳ ಮೇಲಿನ ಹಕ್ಕನ್ನು ಬಿಟ್ಟುಬಿಡುವದೇ. ಸೋತವನೇ ಮೊದಲು ಎದ್ದು ವೈರಿಯ ಬಾಗಿಲನ್ನು ತಟ್ಟಿದನು.

ಆ ವರುಷದ ಅಕ್ಟೋಬರ್ ೫ರಿಂದ ೧೬ರ ವರೆಗೆ ಸ್ವಿಟ್ಸರ್ಲೆಂಡ್ ದೇಶದ ಲೊಕಾರ್ನೊ ಎಂಬ ಚಿಕ್ಕ ಪಟ್ಟಣದಲ್ಲಿ, ಒಂದು ಸುಂದರವಾದ ಸರೋವರದ ತೀರದಲ್ಲಿ, ಮಂತ್ರಿಗಳು ಕೂಡಿದರು. ಜರ್ಮನಿಯಿಂದ ಸ್ಟ್ರೇಸೆಮನ್ನನೂ ಪ್ರಧಾನ ಮಂತ್ರಿ ಲೂಥರನೂ, ಫ್ರಾನ್ಸಿನಿಂದ ಅರಿಸ್ಟೀಡ್ ಬ್ರಿಯಾಂಡನೂ, ಇಂಗ್ಲೆಂಡಿನಿಂದ ಆಸ್ಟಿನ್ ಚೇಂಬರ್ಲೇನನೂ ಬಂದರು. ಬೆಲ್ಜಿಯಂ, ಇಟಲಿ, ಪೋಲೆಂಡ್, ಚೆಕೊಸ್ಲೊವಾಕಿಯ ದೇಶಗಳವರೂ ಬಂದರು. ವರ್ಸೇಲ್ಸಿನಲ್ಲಿ ಅಪರಾಧಿಯಂತೆ ನಿಂತಿದ್ದ ಜರ್ಮನಿಯು ಇಲ್ಲಿ ಸಮಾನನಂತೆ ಕುಳಿತಿತು. ಮಾತು ಬಿಗಿಯಾಗಿ ಬಂದಾಗ, ಅಕ್ಟೋಬರ್ ೧೦ರಂದು ಚೇಂಬರ್ಲೇನನ ಹೆಂಡತಿಯ ಹುಟ್ಟಿದ ಹಬ್ಬದ ನೆವದಿಂದ ಎಲ್ಲರೂ ಒಂದು ಚಿಕ್ಕ ಹಡಗನ್ನೇರಿ ಸರೋವರದ ಮೇಲೆ ಸಂಚಾರಮಾಡಿದರು. ಕಾಗದಗಳನ್ನು ದಡದಲ್ಲಿ ಬಿಟ್ಟು ಹೋದವರು ಮನುಷ್ಯರಂತೆ ಮಾತಾಡಿಕೊಂಡರು. ಆ ಒಂದು ಮಧ್ಯಾಹ್ನದಲ್ಲಿ ಎಷ್ಟೋ ಕಠಿಣವಾದ ಗಂಟುಗಳು ಸಡಿಲವಾದವು.

ಒಡಂಬಡಿಕೆಯ ಮುಖ್ಯಾಂಶಗಳು ಇವು. ಜರ್ಮನಿಯು ಒಂದು ಕಡೆ, ಫ್ರಾನ್ಸೂ ಬೆಲ್ಜಿಯಮೂ ಇನ್ನೊಂದು ಕಡೆ, ಒಬ್ಬರ ಮೇಲೊಬ್ಬರು ಯುದ್ಧಕ್ಕೆ ಹೋಗಕೂಡದು. ರೈನ್ ನದಿಯ ಸೀಮೆಯಲ್ಲಿ ಜರ್ಮನಿಯು ದಂಡನ್ನೂ ಕೋಟೆಯನ್ನೂ ಇಡಕೂಡದು. ಯಾರು ಮಾತು ಮುರಿದರೂ ಇಂಗ್ಲೆಂಡೂ ಇಟಲಿಯೂ ಪೆಟ್ಟುತಿಂದವರ ಪಕ್ಷಕ್ಕೆ ನಿಲ್ಲತಕ್ಕದ್ದು. ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯದ ಸಂಗಡ ಉಂಟಾಗುವ ವ್ಯಾಜ್ಯಗಳನ್ನು ಪಂಚಾಯತಿಯಿಂದ ತೀರಿಸಿಕೊಳ್ಳತಕ್ಕದ್ದು. ಡಿಸೆಂಬರ್ ೧ರಲ್ಲಿ ಲಂಡನ್ ಪಟ್ಟಣದಲ್ಲಿ ರುಜುಗಳಾದವು. ಎರಡು ತಿಂಗಳೊಳಗೆ ಕೊಲೋನ್ ಪಟ್ಟಣದ ಸೀಮೆಯಿಂದ ಪರರ ದಂಡು ಹೊರಟುಹೋಯಿತು.

ಇಲ್ಲಿ ಒಂದು ಕೊರತೆಯನ್ನು ಮರೆಮಾಡದೆ ಹೇಳಬೇಕು. ಪಶ್ಚಿಮದ ಗಡಿಯನ್ನು ಒಪ್ಪಿದ ಹಾಗೆ ಪೂರ್ವದ ಗಡಿಯನ್ನು ಸ್ಟ್ರೇಸೆಮನ್ನನು ಒಪ್ಪಲಿಲ್ಲ. ಪೋಲೆಂಡಿಗೆ ಹೋದ ಭೂಮಿಯನ್ನು ಒಂದು ದಿನ ತಿರಿಗಿ ಪಡೆಯಬೇಕೆಂಬ ಆಶೆ ಅವನ ಹೃದಯದಲ್ಲಿ ಉಳಿದಿತ್ತು. ಸಂಧಿಗೆ ವಿರೋಧವಾಗಿ ತನ್ನ ದೇಶದ ಸೇನಾಧಿಪತಿಗಳು ಗುಪ್ತವಾಗಿ ಮಾಡುತ್ತಿದ್ದ ಕೆಲಸಗಳೂ ಅವನಿಗೆ ತಿಳಿಯದೆ ಇರಲಿಲ್ಲ. ಅವನು ಸತ್ತ ಮೇಲೆ ಅವನ ಪತ್ರಗಳು ಪ್ರಕಟವಾದಾಗ, ಇವನು ನಿಜವಾಗಿ ಸಮಾಧಾನವನ್ನು ಬಯಸಿದನೋ, ಇಲ್ಲವೆ ಬಲ ಬರುವ ವರೆಗೆ ಕಾಲ ಕಳೆದನೋ ಎಂದು ಪಂಡಿತರು ತರ್ಕಿಸಿದರು. ನಮ್ಮ ಅಭಿಪ್ರಾಯವಿದು: ಅವನು ತನ್ನ ದೇಶದ ಲಾಭವನ್ನು ಎಂದೂ ಮರೆಯಲಿಲ್ಲ. ಆದರೆ ಆ ಲಾಭವು ನೆರೆಯವನ ನಾಶದಲ್ಲಿ ಇಲ್ಲ, ನೆರೆಯವನ ನೆಮ್ಮದಿಯಲ್ಲಿಯೇ ಇದೆ ಎಂದು ತಿಳಿದುಕೊಂಡನು. ಪೂರ್ಣವಾದ ಬೆಳಕಲ್ಲದಿದ್ದರೂ, ಕತ್ತಲೆಯಲ್ಲಿದ್ದವನಿಗೆ ಅದು ದೊಡ್ಡ ಬೆಳಕೇ.

ಜಿನೀವಾದಲ್ಲಿ

ಯುದ್ಧವಾದ ಮೇಲೆ ಜಿನೀವಾ ಪಟ್ಟಣದಲ್ಲಿ ರಾಷ್ಟ್ರಸಂಘವು ಸ್ಥಾಪಿಸಲ್ಪಟ್ಟಿತ್ತು. ನಮ್ಮ ಹಿಂದೂದೇಶವೂ ಮೊದಲಿನಿಂದ ಅದರಲ್ಲಿ ಸೇರಿತ್ತು. ಜರ್ಮನಿಗೆ ಮಾತ್ರ ಬಾಗಿಲು ಮುಚ್ಚಿತ್ತು. ೧೯೨೬ರ ಮಾರ್ಚಿನಲ್ಲಿ ಜರ್ಮನರು ಒಳಗೆ ಬರಲು ಸಿದ್ಧರಾಗಿ ಹೋದಾಗ, ಬೇರೆ ಕೆಲವು ರಾಜ್ಯಗಳವರು ತಮಗೂ ಮುಖ್ಯಾಸನ ಬೇಕೆಂದು ಜಗಳಮಾಡಿದ್ದರಿಂದ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಬೇಕಾಯಿತು. ಬರ್ಲಿನಿನಲ್ಲಿ ವಿರೋಧಿಗಳು ನಕ್ಕರು. ಸ್ಟ್ರೇಸೆಮನ್ನನು ತಾಳಿಕೊಂಡನು. ಸೆಪ್ಟೆಂಬರ್ ೮ರಲ್ಲಿ ಸಂಘದವರು ಒಮ್ಮನಸ್ಸಿನಿಂದ ಜರ್ಮನಿಯನ್ನು ಸೇರಿಸಿಕೊಂಡರು. ೧೦ನೆಯ ತಾರೀಖಿನಲ್ಲಿ ಅವನು ಸಭೆಯೊಳಗೆ ಬಂದಾಗ ಎಲ್ಲಾ ದೇಶಗಳವರೂ ಕೈತಟ್ಟಿ ಆದರಿಸಿದರು. ಬ್ರಿಯಾಂಡನು ಎದ್ದು, ಇನ್ನು ಮೇಲೆ ತಮ್ಮೆರಡು ದೇಶಗಳ ವ್ಯಾಜ್ಯವನ್ನು ಫಿರಂಗಿಗಳು ತೀರಿಸಬಾರದು, ನ್ಯಾಯಾಧಿಪತಿಗಳು ತೀರಿಸಬೇಕೆಂಬ ಭಾವದಿಂದ ಬಹು ಹೃದಯಂಗಮವಾಗಿ ಮಾತಾಡಿದನು. ಕೇಳಿದವರಲ್ಲಿ ಅನೇಕರ ಕಣ್ಣುಗಳು ತುಂಬಿದವು.

ಒಂದು ವಾರದ ತರುವಾಯ ಈ ಇಬ್ಬರೂ ವೃತ್ತಾಂತಪತ್ರಗಳವರ ಕಣ್ಣು ತಪ್ಪಿಸಿ, ಫ್ರಾನ್ಸಿನ ಗಡಿಯಾಚೆಯ ಥ್ವಾರಿ ಎಂಬ ಹಳ್ಳಿಗೆ ಹೋಗಿ, ಅಲ್ಲಿಯ ಒಂದು ಚಿಕ್ಕ ಊಟದ ಮನೆಯಲ್ಲಿ ಕೂಡಿ ಊಟಮಾಡಿದರು. ಉಳಿದ ಎಲ್ಲಾ ವ್ಯಾಜ್ಯಗಳನ್ನು ಒಂದೇ ಸಾರಿ ತೀರಿಸಿಬಿಡುವ ಆಲೋಚನೆ ಅಲ್ಲಿ ನಡೆಯಿತು. ಎರಡು ದೇಶಗಳಲ್ಲಿಯೂ ಜನರ ಮನಸ್ಸು ಇನ್ನೂ ಅಷ್ಟು ಮೃದುವಾಗಿರಲಿಲ್ಲವಾದ್ದರಿಂದ ಆ ಆಲೋಚನೆಯು ಫಲಿಸಲಿಲ್ಲ. ಆದರೂ ಹತ್ತು ವರುಷಗಳ ಹಿಂದೆ ಒಬ್ಬರನ್ನೊಬ್ಬರು ನಾಶಮಾಡಲು ದುಡಿದ ಎರಡು ದೇಶಗಳ ಮಂತ್ರಿಗಳು ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದು ಅಲ್ಪ ಸಂಗತಿಯಲ್ಲ. ಒಟ್ಟಿಗೆ ಉಣ್ಣುವದರ ಬೆಲೆ ಎಷ್ಟೆಂಬದನ್ನು ಜಾತಿಯ ಗೋಡೆಗಳನ್ನು ಬಲ್ಲ ನಮ್ಮ ಸಭೆಗಳವರಿಗೆ ಯಾರೂ ವಿವರಿಸಬೇಕಾದದ್ದಿಲ್ಲ. ಆ ವರುಷದ ನೊಬೆಲ್ ಶಾಂತಿ ಬಹುಮಾನವು ಇವರಿಬ್ಬರಿಗೂ ಹಂಚಲ್ಪಟ್ಟಿತು.

ಕೊನೆಯ ದಿನಗಳು

ಇಷ್ಟರಲ್ಲಿ ಸ್ಟ್ರೇಸೆಮನ್ನನ ಶರೀರವು ಬಹಳ ಕೆಟ್ಟಿತ್ತು. ಮೂತ್ರಪಿಂಡದ ರೋಗವೂ ಹೃದಯದ ಬಲಹೀನತೆಯೂ ಅವನನ್ನು ಪೀಡಿಸುತ್ತಿದ್ದವು. ವಿಶ್ರಾಂತಿ ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳಿದರೂ ಅವನು ಕೆಲಸವನ್ನು ಬಿಡಲಿಲ್ಲ. ೧೯೨೮ರ ಆಗಸ್ಟ್ ೨೭ರಲ್ಲಿ, ಯುದ್ಧವನ್ನು ರಾಜನೀತಿಯ ಸಾಧನವಾಗಿ ಉಪಯೋಗಿಸುವದಿಲ್ಲವೆಂಬ ಒಡಂಬಡಿಕೆಗೆ ರುಜು ಹಾಕಲು ರೋಗಿಷ್ಠನಾಗಿಯೇ ಪ್ಯಾರಿಸ್ ಪಟ್ಟಣಕ್ಕೆ ಹೋದನು. ಅಂದು ರುಜು ಹಾಕಿದ ೧೫ ರಾಜ್ಯಗಳಲ್ಲಿ ಹಿಂದೂದೇಶದ ಹೆಸರೂ ಇತ್ತು. ೧೯೨೯ರ ಆಗಸ್ಟಿನಲ್ಲಿ ಹೇಗ್ ಪಟ್ಟಣದ ಸಭೆಯಲ್ಲಿ, ೧೯೩೫ರ ವರೆಗೆ ಇರಬೇಕಾಗಿದ್ದ ದಂಡುಗಳು ೧೯೩೦ರ ಜೂನ್ ಮುಗಿಯುವದರೊಳಗೆ ರೈನ್ ಸೀಮೆಯನ್ನು ಬಿಟ್ಟು ಹೋಗುವಂತೆ ಒಪ್ಪಿಸಿದನು. ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ಕೊನೆಯ ಸಾರಿ ಮಾತಾಡಿ, ಯೂರೋಪಿನ ದೇಶಗಳಿಗೆಲ್ಲಾ ಒಂದೇ ನಾಣ್ಯವೂ ಒಂದೇ ಅಂಚೆಚೀಟಿಯೂ ಯಾಕೆ ಇರಬಾರದೆಂದು ಕೇಳಿದನು. ಆಗ ಅದು ಕನಸಿನ ಮಾತಿನಂತೆ ಕಂಡಿತು.

ಅಕ್ಟೋಬರ್ ೨ರಂದು ತನ್ನ ಪಕ್ಷದವರ ಜಗಳವನ್ನು ಬಿಡಿಸುವದರಲ್ಲಿ ಇಡೀ ದಿನ ಕಳೆದು ಮನೆಗೆ ಬಂದನು. ಆ ರಾತ್ರಿ ಅವನಿಗೆ ಪಾರ್ಶ್ವವಾಯು ಬಡಿಯಿತು. ೧೯೨೯ನೆಯ ಇಸವಿ ಅಕ್ಟೋಬರ್ ೩ರ ಬೆಳಗಿನ ಜಾವದಲ್ಲಿ ಪ್ರಾಣ ಬಿಟ್ಟನು. ಆಗ ಅವನಿಗೆ ೫೧ ವರುಷ ಮಾತ್ರ. ಅವನ ಶವದ ಹಿಂದೆ ಬರ್ಲಿನಿನ ಬೀದಿಗಳಲ್ಲಿ ಲೆಕ್ಕವಿಲ್ಲದಷ್ಟು ಜನರು ಸೇರಿದರು. ಬದುಕಿದ್ದಾಗ ಬೈದವರ ದೇಶದಲ್ಲಿಯೇ ಸತ್ತ ಮೇಲೆ ಕಣ್ಣೀರು ಹರಿಯಿತು.

ಕೆಡವಲ್ಪಟ್ಟ ಮನೆ, ಉಳಿದ ಅಸ್ತಿವಾರ

ಅವನು ಸತ್ತ ಮೂರು ವಾರಗಳಲ್ಲಿ ಅಮೇರಿಕದ ಹಣದ ಪೇಟೆಯು ಬಿದ್ದುಹೋಯಿತು. ಅಲ್ಲಿಂದ ಬರುತ್ತಿದ್ದ ಸಾಲವು ನಿಂತಿತು. ಜರ್ಮನಿಯಲ್ಲಿ ಲಕ್ಷಾಂತರ ಜನರು ಕೆಲಸ ಕಳಕೊಂಡರು. ಹಸಿದವರ ಕಿವಿಗೆ ದ್ವೇಷದ ಮಾತು ಸವಿಯಾಗಿ ಕೇಳಿಸಿತು. ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದು ಅದೇ ವರುಷ ರಾಷ್ಟ್ರಸಂಘವನ್ನು ಬಿಟ್ಟನು. ೧೯೩೬ರ ಮಾರ್ಚ್ ೭ರಲ್ಲಿ ರೈನ್ ಸೀಮೆಗೆ ದಂಡನ್ನು ಕಳುಹಿಸಿ ಲೊಕಾರ್ನೊವಿನ ಒಡಂಬಡಿಕೆಯನ್ನು ಹರಿದುಹಾಕಿದನು. ಜಾಮೀನು ನಿಂತವರು ಸುಮ್ಮನೆ ನೋಡುತ್ತಾ ನಿಂತರು. ಸ್ಟ್ರೇಸೆಮನ್ನನ ವಿಧವೆಯೂ ಇಬ್ಬರು ಗಂಡುಮಕ್ಕಳೂ ಯೆಹೂದ್ಯ ರಕ್ತದವರೆಂಬ ಕಾರಣದಿಂದ ಸ್ವಂತ ದೇಶದಲ್ಲಿ ಇರಲಾರದೆ ಸಮುದ್ರದಾಚೆಗೆ ಹೋಗಬೇಕಾಯಿತು. ೧೯೩೯ರಲ್ಲಿ ಎರಡನೆಯ ಮಹಾಯುದ್ಧವು ಹುಟ್ಟಿತು. ಮೊದಲನೆಯದಕ್ಕಿಂತ ಅದು ಘೋರವಾಗಿತ್ತು.

ಹಾಗಾದರೆ ಅವನ ಪ್ರಯಾಸವೆಲ್ಲಾ ವ್ಯರ್ಥವಾಯಿತೋ? ಇಲ್ಲವೆಂದೇ ನಾವು ಹೇಳುತ್ತೇವೆ. ಆ ಯುದ್ಧವು ೧೯೪೫ರಲ್ಲಿ ಮುಗಿದ ಮೇಲೆ ಎರಡು ದೇಶಗಳ ಹಿರಿಯರು ಹಳೆಯ ದಾರಿಯನ್ನು ತಿರಿಗಿ ಹುಡುಕಿದರು. ೧೯೫೧ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇನ್ನು ನಾಲ್ಕು ದೇಶಗಳವರು ಯುದ್ಧದ ಸಾಮಗ್ರಿಗಳಾದ ಕಲ್ಲಿದ್ದಲನ್ನೂ ಉಕ್ಕನ್ನೂ ಒಂದೇ ಆಡಳಿತದ ಕೆಳಗೆ ತಂದರು. ೧೯೬೩ರಲ್ಲಿ ಫ್ರೆಂಚರೂ ಜರ್ಮನರೂ ಸ್ನೇಹದ ಒಡಂಬಡಿಕೆ ಮಾಡಿಕೊಂಡರು. ೨೦೦೨ರಿಂದ ಆ ಎರಡು ದೇಶಗಳ ಜನರು ಒಂದೇ ನಾಣ್ಯವನ್ನು ಕೈಯಲ್ಲಿ ಹಿಡಿದರು. ಸಾಯುವ ಮುಂಚೆ ಸ್ಟ್ರೇಸೆಮನ್ನನು ಕೇಳಿದ ಪ್ರಶ್ನೆಗೆ ಎಪ್ಪತ್ತಮೂರು ವರುಷಗಳ ಮೇಲೆ ಉತ್ತರವು ಬಂತು. ಬಿತ್ತುವವನು ಒಬ್ಬನು, ಕೊಯ್ಯುವವನು ಇನ್ನೊಬ್ಬನು. ದೇವರ ಹೊಲದಲ್ಲಿ ಇದು ಹೊಸ ಸಂಗತಿಯಲ್ಲ.

ನಾವು ಕಲಿಯತಕ್ಕದ್ದು

ಈ ಚರಿತ್ರೆಯಿಂದ ನಮ್ಮ ಹಳ್ಳಿಯ ಸಭೆಗಳವರು ಕಲಿಯತಕ್ಕ ಪಾಠಗಳು ಕೆಲವಿವೆ. ಮೊದಲನೆಯದಾಗಿ, ಜಗಳದಲ್ಲಿ ಮೊದಲು ಬಾಗಿಲು ತಟ್ಟುವದು ಹೇಡಿಯ ಕೆಲಸವಲ್ಲ. ಅವನು ಮೊದಲು ಬರಲಿ ಎಂದು ಇಬ್ಬರೂ ಕಾದರೆ ಮೊಮ್ಮಕ್ಕಳ ವರೆಗೆ ಕಾಯಬೇಕಾಗುತ್ತದೆ. ಎರಡನೆಯದಾಗಿ, ವೈರಿಯ ಕೋಪದ ಹಿಂದೆ ಯಾವ ಭಯವಿದೆ ಎಂದು ವಿಚಾರಿಸಬೇಕು. ಮೂರನೆಯದಾಗಿ, ಸಾಲ 

ಕೊಟ್ಟವನು ತೀರಿಸಲಾರದ ವಾಯಿದೆಯನ್ನು ಹೊರಿಸಿದರೆ ಹಣವನ್ನೂ ನೆರೆಯವನನ್ನೂ ಕಳಕೊಳ್ಳುತ್ತಾನೆ. ನಾಲ್ಕನೆಯದಾಗಿ, ಒಂದು ದಿಕ್ಕಿನವನ ಸಂಗಡ ರಾಜಿಯಾಗಿ ಇನ್ನೊಂದು ದಿಕ್ಕಿನವನ ಮೇಲೆ ಹಗೆಯನ್ನು ಉಳಿಸಿಕೊಂಡ ಸಮಾಧಾನವು ಪೂರ್ಣವಾದದ್ದಲ್ಲ.

ಕೊನೆಯದಾಗಿ ಒಂದು ಮಾತು. ಮಂತ್ರಿಗಳು ಬರೆದ ಕಾಗದವು ಹರಿಯಬಹುದು, ಹರಿದೂ ಹೋಯಿತು. ಯಾಕಂದರೆ ಕಾಗದದ ಮೇಲೆ ಬರೆದದ್ದು ಎಲ್ಲರ ಹೃದಯದಲ್ಲಿ ಬರೆಯಲ್ಪಟ್ಟಿರಲಿಲ್ಲ. ಶಿಲುಬೆಯ ಮೂಲಕ ವೈರಿಗಳಾದ ನಮ್ಮನ್ನು ತನ್ನ ಸಂಗಡ ಸಮಾಧಾನಪಡಿಸಿಕೊಂಡ ದೇವರ ಮಕ್ಕಳಿಗೆ ಹೃದಯದಲ್ಲಿ ಬರೆಯುವ ಕೆಲಸವು ಕೊಟ್ಟದೆ. ಬರುವ ಕರ್ತನ ಭೋಜನದ ಭಾನುವಾರಕ್ಕೆ ಮುಂಚೆ, ಯಾವ ಸಹೋದರನ ಸಂಗಡ ಮಾತು ಬಿಟ್ಟಿದ್ದೇವೆ, ಯಾವ ಹೊಲದ ಬಾಂದಿಗಾಗಿ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೇವೆ ಎಂದು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ. ಆ ಮನೆಯ ಬಾಗಿಲನ್ನು ಮೊದಲು ತಟ್ಟುವದಕ್ಕೆ ಬೇಕಾದ ದೀನಭಾವವನ್ನು ಸಮಾಧಾನದ ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ.